ಇದೆ, ಇಲ್ಲ, ಅಲ್ಲ: ‘ಕರ್ವಾಲೊ’ ಕಾದಂಬರಿಯಲ್ಲಿ ಸತ್ತೆಯ ವಿಚಾರ

ತತ್ತ್ವಶಾಸ್ತ್ರದ ಅಂಗಗಳಲ್ಲಿ ಸತ್ತಾಮೀಮಾಂಸೆಯಷ್ಟು ವ್ಯಾಪಕವಾದುದು ಮತ್ತೊಂದಿಲ್ಲ. ಅದರಷ್ಟು ಬರಡೆಂಬ ಅಪವಾದಕ್ಕೆ ಗುರಿಯಾದುದೂ ಮತ್ತೊಂದಿಲ್ಲ. ಉಳಿದ ಶಾಸ್ತ್ರಗಳೆಲ್ಲ ಇರುವ ವಸ್ತುಗಳಲ್ಲಿ ಒಂದೊಂದು ವರ್ಗವನ್ನು ಆರಿಸಿಕೊಂಡು ಅದರ ಗುಣಧರ್ಮಗಳನ್ನು ಪರಿಶೀಲಿಸುತ್ತವೆ. ಇರುವುದನ್ನು ಅದು ಇರುವುದೆಂಬ ನೆಲೆಯಲ್ಲಿಯೇ ಪರಿಶೀಲಿಸುವ ಶಾಸ್ತ್ರವೊಂದು ಉಂಟೆಂದು ಅರಿಸ್ಟಾಟಲನು ಹೇಳಿದನು. ಜರ್ಮನಿಯ ಕ್ರಿಶ್ಚಿಯನ್ ವೋಲ್ಫನು 1730ರಲ್ಲಿ ಈ ಶಾಸ್ತ್ರವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಜಗತ್ತು, ಆತ್ಮ, ಈಶ್ವರ ಎಂಬ ವಿಶೇಷ ವಿಷಯಗಳ ವಿಚಾರಕ್ಕೆ ಈ ಸಾಮಾನ್ಯ ತತ್ತ್ವವಿಚಾರವೇ ತಳಹದಿಯೆಂದು ಅವನ ಪಂಥದವರು ಎಣಿಸಿದರು. ನಮ್ಮ ದರ್ಶನಗಳಲ್ಲಿಯೂ ‘ಸತ್’ ಎಂದರೇನು ಎಂಬ ಪ್ರಶ್ನೆ ಮೊದಲಿನಿಂದಲೂ ಇದೆ. ಆದರೆ ತರಗತಿಯಲ್ಲಿ ಇದನ್ನು ಬೋಧಿಸುವಾಗ ಘಟ, ಪಟ, ರಜ್ಜು, ಸರ್ಪ ಎಂಬ ನಾಲ್ಕಾರು ದೃಷ್ಟಾಂತಗಳಲ್ಲಿಯೇ ನಾವು ಸುತ್ತುತ್ತಿರುತ್ತೇವೆ. ದೃಷ್ಟಾಂತವು ಹಳತಾದಂತೆ ಪ್ರಶ್ನೆಯ ಮೊನೆಯೂ ಮೊಂಡಾಗುತ್ತದೆ.

ಕನ್ನಡದ ಕಾದಂಬರಿಯೊಂದು ಈ ಪ್ರಶ್ನೆಗೆ ಹೊಸ ದೃಷ್ಟಾಂತವನ್ನು ಒದಗಿಸಿದೆಯೆಂಬುದನ್ನೂ ಆ ದೃಷ್ಟಾಂತವು ಹಳೆಯ ಲಕ್ಷಣಗಳೆಲ್ಲವನ್ನೂ ಇಕ್ಕಟ್ಟಿಗೆ ಸಿಕ್ಕಿಸುತ್ತದೆಯೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಆ ಕಾದಂಬರಿ, ಪೂರ್ಣಚಂದ್ರ ತೇಜಸ್ವಿಯವರು (1938–2007) 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’. ಅದರ ರಂಗಭೂಮಿ ಮೂಡಿಗೆರೆಯ ಸುತ್ತಿನ ಕಾಫಿಯ ಸೀಮೆ. ಚಾರ್ಮಾಡಿ ಘಟ್ಟದ ನೆತ್ತಿಯಲ್ಲಿರುವ ಕೊಟ್ಟಿಗೆಹಾರವೂ ಈ ಸೀಮೆಯದೇ. ಲೇಖಕರ ಹೆಸರಿನ ಪ್ರತಿಷ್ಠಾನವು ಈಗ ಅಲ್ಲಿಯೇ ಇದೆ. ಬಯಲುಸೀಮೆಯತ್ತ ಇಳಿಯುವ ತೋಟಗಳಿಗೂ ಕರಾವಳಿಯತ್ತ ಕುಸಿಯುವ ಕಾಡಿಗೂ ನಡುವಣ ಈ ಅಂಚನ್ನು ಕಂಡವರಿಗೆ ಕಾದಂಬರಿಯ ಕೊನೆಯ ಕಣಿವೆಯನ್ನು ವಿವರಿಸಬೇಕಾಗಿಲ್ಲ.

ಕಥೆಯ ಸಾರವಿಷ್ಟು. ವಿಜ್ಞಾನಿಯಾದ ಕರ್ವಾಲೊ ಅವರು ಊರಿನವರು ಕೆಲಸಕ್ಕೆ ಬಾರದವನೆಂದು ತಿಳಿದಿರುವ ಮಂದಣ್ಣನಲ್ಲಿ ಹುಟ್ಟು ನಿಸರ್ಗವೀಕ್ಷಕನೊಬ್ಬನನ್ನು ಗುರುತಿಸುತ್ತಾರೆ. ಮಂದಣ್ಣನು ಕಾಡಿನಲ್ಲಿ ಹಾರುವ ಓತಿಯೊಂದನ್ನು ಕಂಡಿದ್ದಾನೆ. ಕೃಷಿಕನಾದ ನಿರೂಪಕ, ಛಾಯಾಗ್ರಾಹಕ ಪ್ರಭಾಕರ, ಮರ ಹತ್ತುವುದರಲ್ಲಿ ನಿಪುಣನಾದ ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇವರೆಲ್ಲ ಕರ್ವಾಲೊ ಮತ್ತು ಮಂದಣ್ಣರೊಡನೆ ಅದನ್ನು ಅರಸಿಕೊಂಡು ಕಾಡಿಗೆ ಹೊರಡುತ್ತಾರೆ. ಓತಿ ಸಿಕ್ಕಿತೆನ್ನುವಷ್ಟರಲ್ಲಿ ಕಣಿವೆಯ ಮೇಲೆ ತೇಲಿ ಕಾಣದಾಗುತ್ತದೆ. ಜೇನು ಸಾಕಣೆ, ಮಂದಣ್ಣನ ಮದುವೆ, ಬೇಸಾಯದ ತಾಪತ್ರಯಗಳು, ಇವುಗಳ ನಡುವೆ ಕಥೆಯನ್ನು ಮುಂದಕ್ಕೆ ಎಳೆಯುವ ಪ್ರಶ್ನೆ ಒಂದೇ: ಅಂಥ ಪ್ರಾಣಿ ಇದೆಯೆ?

ಈ ಪ್ರಶ್ನೆಯ ಸ್ವರೂಪವನ್ನು ತಿಳಿಯಲು ನಮ್ಮ ನುಡಿಯೇ ನೆರವಾಗುತ್ತದೆ. ಯೂರೋಪಿನ ಹಲವು ಭಾಷೆಗಳಲ್ಲಿ ‘ಇದು ಓತಿ’ ಎಂಬುದಕ್ಕೂ ‘ಓತಿ ಇದೆ’ ಎಂಬುದಕ್ಕೂ ಒಂದೇ ಕ್ರಿಯಾಪದವನ್ನು ಬಳಸಬಹುದು. ಅಲ್ಲಿಯ ತತ್ತ್ವಜ್ಞರು ಈ ಎರಡನ್ನು ಬೇರ್ಪಡಿಸಲು ಬಹುಕಾಲ ಶ್ರಮಿಸಬೇಕಾಯಿತು. ಇರವು ಎಂಬುದು ವಸ್ತುವಿಗೆ ಕೂಡಿಸಬಹುದಾದ ಮತ್ತೊಂದು ಗುಣವಲ್ಲವೆಂದು ಕಾಂಟನು 1781ರಲ್ಲಿ ವಾದಿಸಬೇಕಾದುದೂ ಇದಕ್ಕೆ ದೂರವಾದ ಸಂಗತಿಯಲ್ಲ. ಕನ್ನಡದಲ್ಲಿ ‘ಇದು ಓತಿ’ ಎಂಬ ವಾಕ್ಯಕ್ಕೆ ಕ್ರಿಯಾಪದವೇ ಬೇಡ. ‘ಓತಿ ಇದೆ’ ಎಂಬುದಕ್ಕೆ ಬೇಕು. ನಿಷೇಧದಲ್ಲಿ ಈ ಭೇದವು ಇನ್ನೂ ಸ್ಪಷ್ಟ: ಮೊದಲನೆಯದರ ನಿಷೇಧ ‘ಅಲ್ಲ’, ಎರಡನೆಯದರದು ‘ಇಲ್ಲ’. ನ್ಯಾಯ-ವೈಶೇಷಿಕರು ಅಭಾವವನ್ನು ವಿಭಾಗಿಸಿ, ಒಂದು ಮತ್ತೊಂದಲ್ಲವೆಂಬುದನ್ನು ಅನ್ಯೋನ್ಯಾಭಾವವೆಂದೂ ಒಂದೆಡೆ ಒಂದು ಇಲ್ಲವೆಂಬುದನ್ನು ಸಂಸರ್ಗಾಭಾವವೆಂದೂ ಕರೆದರು. ಅವರು ಪರಿಭಾಷೆಯಿಂದ ಸಾಧಿಸಿದ ಈ ವಿವೇಕವು ಕನ್ನಡದ ಮಕ್ಕಳ ಮಾತಿನಲ್ಲಿಯೇ ಇದೆ.

ಮಂದಣ್ಣನ ಮಾತಿಗೆ ಎರಡು ಬಗೆಯ ಆಕ್ಷೇಪಗಳು ಸಾಧ್ಯ. ಅವನು ಕಂಡದ್ದು ಓತಿಯಲ್ಲ, ಬೇರೇನೋ ಎಂಬುದು ಒಂದು. ಅದು ಭ್ರಮೆಯ ವಿಚಾರ. ಅಂಥ ಓತಿಯೇ ಇಲ್ಲ ಎಂಬುದು ಇನ್ನೊಂದು. ಅದು ಸತ್ತೆಯ ವಿಚಾರ. ಎರಡನೆಯದಕ್ಕೆ ಆಧಾರವೇನು? ಇದುವರೆಗೆ ಬಲ್ಲವರಾರೂ ಕಂಡಿಲ್ಲವೆಂಬುದು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಅಭಾವಜ್ಞಾನಕ್ಕೆ ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು. ಆದರೆ ಅದಕ್ಕೊಂದು ಕಟ್ಟುಪಾಡನ್ನೂ ವಿಧಿಸಿದರು: ಇದ್ದಿದ್ದರೆ ಕಾಣಿಸಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಬಹುದು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಹಾಗೆನ್ನುವಂತಿಲ್ಲ. ಮರದ ತೊಗಟೆಯ ಬಣ್ಣವನ್ನೇ ತಳೆದು ತೊಗಟೆಗೆ ಅಂಟಿಕೊಂಡಿರುವ ಪ್ರಾಣಿಯ ವಿಷಯದಲ್ಲಿ ದಟ್ಟವಾದ ಕಾಡು ಹಗಲಿನಲ್ಲಿಯೂ ಕತ್ತಲೆಯ ಕೋಣೆಯೇ. ಕರ್ವಾಲೊ ಅವರ ದೊಡ್ಡತನವಿರುವುದು ಈ ವಿವೇಕದಲ್ಲಿ. ವಿದ್ಯಾವಂತರಿಗೆ ಕಾಣದಿರುವುದನ್ನು ಅವರು ಅಭಾವಕ್ಕೆ ಪ್ರಮಾಣವೆಂದು ಎಣಿಸುವುದಿಲ್ಲ. ಕಾಣಬಲ್ಲ ಕಣ್ಣು ಯಾರದೆಂದು ವಿಚಾರಿಸುತ್ತಾರೆ. ಮಂದಣ್ಣನ ಗೌರವವು ಕಾದಂಬರಿಯಲ್ಲಿ ಕರುಣೆಯಿಂದ ದೊರೆತದ್ದಲ್ಲ, ಪ್ರಮಾಣವಿಚಾರದಿಂದ ದೊರೆತದ್ದು.

ಇನ್ನು ಓತಿಯ ಇರವು ಎಂಥದು? ಕೊನೆಯಲ್ಲಿ ಕೈಗೆ ಸಿಕ್ಕದೆ ಹೋಗುವುದರಿಂದ ಅದನ್ನು ಬ್ರಹ್ಮದ ಸಂಕೇತವೆಂದು ಓದುವ ಆಸೆ ಸಹಜವಾದುದು. ಮಾತಿಗೂ ಮನಸ್ಸಿಗೂ ನಿಲುಕದ ತತ್ತ್ವದ ಸಂಸ್ಕಾರ ನಮ್ಮಲ್ಲಿ ಬಲವಾಗಿದೆ. ಆದರೆ ಈ ಓದು ಕೃತಿಗೆ ಒಪ್ಪುವುದಿಲ್ಲ. ಅದ್ವೈತದಲ್ಲಿ ಪರಮಾರ್ಥವಾದ ಸತ್ತು ಮೂರು ಕಾಲಗಳಲ್ಲಿಯೂ ಬಾಧಿತವಾಗದುದು. ಅದಕ್ಕೆ ಕಾಲದ ಸೋಂಕಿಲ್ಲ. ಕಾದಂಬರಿಯ ಓತಿಗಾದರೋ ಕಾಲವೇ ಮಹಿಮೆ. ಕೋಟ್ಯಂತರ ವರ್ಷಗಳ ಜೀವವಿಕಾಸದ ಕುರುಹಾಗಿರುವುದರಿಂದಲೇ ಕರ್ವಾಲೊ ಅವರಿಗೆ ಅದು ಅಮೂಲ್ಯ. ಕಾಲವನ್ನು ಕಳೆದರೆ ಓತಿಯಲ್ಲಿ ಉಳಿಯುವುದು ವ್ಯಾವಹಾರಿಕ ಸತ್ತೆ ಮಾತ್ರ. ಆಗ ಅಷ್ಟು ಜನ ಕಾಡು ಅಲೆದುದು ಹಗ್ಗದ ಹಾವಿಗಾಗಿ ಎಂದಾಗುತ್ತದೆ.

ಬೌದ್ಧರಲ್ಲಿ ಧರ್ಮಕೀರ್ತಿಯು ಕೊಟ್ಟ ಲಕ್ಷಣ ಇದಕ್ಕೆ ಎದುರಾದುದು: ಕಾರ್ಯವನ್ನು ಉಂಟುಮಾಡಬಲ್ಲುದೇ ಸತ್ತು, ಅಂಥದು ಕ್ಷಣಿಕ. ಓತಿಯು ಇರುವೆಗಳನ್ನು ತಿನ್ನುತ್ತದೆ, ತೇಲುತ್ತದೆ, ನಾಯಿಯನ್ನೂ ಮನುಷ್ಯರನ್ನೂ ಓಡಾಡಿಸುತ್ತದೆ. ಈ ಲಕ್ಷಣದ ಮೊದಲ ಭಾಗವು ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಕ್ಷಣಗಳ ಸಂತಾನವೆಂಬ ಮಾತು ಈ ಒಂದು ಓತಿಗೆ ಸಾಕಾದೀತೇ ಹೊರತು, ಯುಗಗಳನ್ನು ದಾಟಿ ಬಂದ ಓತಿಯ ಕುಲಕ್ಕೆ ಸಾಲದು.

ಮೂರನೆಯದು ಜೈನರ ಲಕ್ಷಣ. ಹುಟ್ಟುವಿಕೆ, ಅಳಿಯುವಿಕೆ, ಉಳಿಯುವಿಕೆ ಈ ಮೂರೂ ಕೂಡಿದ್ದೇ ಸತ್ತೆಂದು ಉಮಾಸ್ವಾತಿಯು ನಿರೂಪಿಸಿದನು. ಈ ದರ್ಶನವು ಘಟ್ಟದ ನೆರೆಯವರಿಗೆ ಅಪರಿಚಿತವಲ್ಲ. ಕಳಸ-ಕಾರ್ಕಳ ಸೀಮೆಯನ್ನಾಳಿದ ಭೈರರಸರು ಜೈನರು, ಕಾರ್ಕಳದ ಗೊಮ್ಮಟನು 1432ರಲ್ಲಿ ಅವರಿಂದಲೇ ಪ್ರತಿಷ್ಠಿತನಾದನು. ಜೀವವಿಕಾಸದ ಕಲ್ಪನೆಗೆ ನಮ್ಮ ಹಳೆಯ ಲಕ್ಷಣಗಳಲ್ಲಿ ಇದೇ ಅತ್ಯಂತ ಸಮೀಪದ್ದೆಂದು ಒಪ್ಪಬೇಕು. ಆದರೂ ಜೈನರಲ್ಲಿ ಉಳಿಯುವುದು ದ್ರವ್ಯ. ಹುಟ್ಟಿ ಅಳಿಯುವುದು ಅದರ ಪರ್ಯಾಯಗಳು. ಓತಿಯ ಕುಲವು ದ್ರವ್ಯವೆ, ಪರ್ಯಾಯವೆ? ದ್ರವ್ಯವೆಂದರೆ ಅದು ಎಂದಿಗೂ ಅಳಿಯಬಾರದು. ಪರ್ಯಾಯವೆಂದರೆ ಯಾವ ಒಂದು ದ್ರವ್ಯದ ಪರ್ಯಾಯವೆಂಬುದನ್ನು ಹೇಳಬೇಕಾಗುತ್ತದೆ.

ತೊಡಕಿನ ಗಂಟು ಇಲ್ಲಿದೆ. ಇದನ್ನು ಅತ್ಯಂತ ನಿಷ್ಠುರವಾಗಿ ಕಾಣಿಸುವವರು ವೈಶೇಷಿಕರು. ಅವರ ಮತದಲ್ಲಿ ಓತಿಗಳು ಹುಟ್ಟುತ್ತವೆ, ಸಾಯುತ್ತವೆ. ಓತಿತನವೆಂಬ ಜಾತಿ ನಿತ್ಯವಾದುದು. ವ್ಯಕ್ತಿಗೆ ಹುಟ್ಟುವ ಮೊದಲು ಪ್ರಾಗಭಾವ, ನಾಶವಾದ ಮೇಲೆ ಪ್ರಧ್ವಂಸಾಭಾವ ಉಂಟು. ಜಾತಿಗೆ ಎರಡೂ ಇಲ್ಲ. ಡಾರ್ವಿನ್ನನ ಗ್ರಂಥವು 1859ರಲ್ಲಿ ಹೊರಬಂದ ಮೇಲೆ ಜೀವಜಾತಿಗಳ ವಿಷಯದಲ್ಲಿ ಈ ಮತವನ್ನು ಹಾಗೆಯೇ ಉಳಿಸಿಕೊಳ್ಳುವುದು ಸಾಧ್ಯವಿಲ್ಲ. ಜೀವಜಾತಿಗೂ ಆದಿಯಿದೆ, ಅಂತ್ಯವಿದೆ. ಅದಕ್ಕೂ ಪ್ರಾಗಭಾವ-ಪ್ರಧ್ವಂಸಾಭಾವಗಳನ್ನು ಹೇಳಲೇಬೇಕು. ಹಾಗೆಂದು ಅದು ಬರಿಯ ಹೆಸರೂ ಅಲ್ಲ. ಏಕೆಂದರೆ ಹೆಸರಿಡುವವರು ಹುಟ್ಟುವುದಕ್ಕಿಂತ ಬಹಳ ಮೊದಲೇ ಓತಿ ಓತಿಗೆ ಜನ್ಮ ಕೊಡುತ್ತಿದ್ದಿತು. ಮರಿಗೆ ತಾಯಿಯ ರೂಪ ಬರುವುದು ನಮ್ಮ ಒಪ್ಪಂದದಿಂದಲ್ಲ. ಹುಟ್ಟಿಬಂದು ಅಳಿಯಬಲ್ಲ, ಆದರೂ ವ್ಯಕ್ತಿಗಿಂತ ಹಿರಿದಾದ ಈ ಇರವಿಗೆ ನಮ್ಮ ಪದಾರ್ಥಗಳ ಪಟ್ಟಿಯಲ್ಲಿ ಸ್ಥಾನವಿಲ್ಲ. ‘ಕರ್ವಾಲೊ’ ಕೃತಿಯ ತಾತ್ತ್ವಿಕ ಮಹತ್ತ್ವವೆಂದರೆ, ಈ ಸ್ಥಾನವು ಬರಿದಾಗಿದೆಯೆಂಬುದನ್ನು ಯಾವ ಪರಿಭಾಷೆಯೂ ಇಲ್ಲದೆ ಓದುಗನ ಅನುಭವಕ್ಕೆ ತರುವುದು. ಕಾಡಿಗೆ ಹೋದವರು ಅರಸಿದ್ದು ಒಂದು ಓತಿಯನ್ನು. ಕಂಡದ್ದು ಒಂದು ಕುಲದ ಕಾಲವನ್ನು.

ಕೃತಿಯ ದೋಷವನ್ನೂ ಮರೆಮಾಚಬಾರದು. ಹಾರುವ ಓತಿ ಕಾದಂಬರಿಯಲ್ಲಿ ಅಳಿದೇ ಹೋಯಿತೆನ್ನಬಹುದಾದ ಕಾಲದ ಅಪೂರ್ವ ಉಳಿಕೆಯಾಗಿ ಚಿತ್ರಿತವಾಗಿದೆ. ಪ್ರಾಣಿಶಾಸ್ತ್ರದ ದೃಷ್ಟಿಯಲ್ಲಿ ಅದು ಅಷ್ಟು ಅಪೂರ್ವವಲ್ಲ. ಡ್ರೇಕೊ ಎಂಬ ಕುಲಕ್ಕೆ ಸೇರಿದ, ಪಶ್ಚಿಮ ಘಟ್ಟದ ಈ ಪ್ರಭೇದವನ್ನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞರು 1837ರಲ್ಲಿಯೇ ವರ್ಣಿಸಿದ್ದರು. ಪಕ್ಕೆಲುಬುಗಳು ಹೊರಚಾಚಿ ಹಿಡಿದಿರುವ ಚರ್ಮವನ್ನು ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುತ್ತದೆ. ಕಾಡಿನಲ್ಲಿ ಮಾತ್ರವಲ್ಲದೆ ಅಡಕೆಯ ತೋಟಗಳಲ್ಲಿಯೂ ಕಾಣಸಿಗುತ್ತದೆ. ಕಾದಂಬರಿಗೆ ಶಾಸ್ತ್ರದ ನಿಖರತೆ ಬೇಕಿಲ್ಲವೆಂಬ ಸಮಾಧಾನ ಇಲ್ಲಿ ಸಲ್ಲದು. ಏಕೆಂದರೆ ಈ ಕೃತಿಯು ವಿಜ್ಞಾನದ ಪಕ್ಷವನ್ನೇ ಹಿಡಿದಿದೆ. ವಿಸ್ಮಯಕ್ಕಾಗಿ ಅಪೂರ್ವತೆಯನ್ನು ಆಶ್ರಯಿಸಿದಷ್ಟೂ ಕೃತಿಯು ತನ್ನ ಆಳವಾದ ಕಾಣ್ಕೆಯನ್ನು ದುರ್ಬಲಗೊಳಿಸಿಕೊಂಡಿದೆ. ಕೋಟ್ಯಂತರ ವರ್ಷಗಳ ಬೆನ್ನೆಲುಬು ತೋಟದ ಬೇಲಿಯ ಸಾಮಾನ್ಯ ಓತಿಗೂ ಇದೆ, ಅದನ್ನು ನೋಡುವ ಮನುಷ್ಯನಿಗೂ ಇದೆ. ಇರುವುದೇ ವಿಸ್ಮಯವಾದರೆ ವಿರಳವಾಗಿರಬೇಕೆಂಬ ನಿಯಮವೇಕೆ?

ಕೊನೆಯ ಪ್ರಕರಣವು ಈ ದೋಷವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಪದಾರ್ಥಗಳೆಲ್ಲಕ್ಕೂ ಇರವು, ತಿಳಿಯಲು ಯೋಗ್ಯವಾಗಿರುವಿಕೆ, ಹೆಸರಿಸಲು ಯೋಗ್ಯವಾಗಿರುವಿಕೆ ಎಂಬ ಮೂರು ಸಮಾನಧರ್ಮಗಳನ್ನು ಪ್ರಶಸ್ತಪಾದನು ಹೇಳಿದನು. ಹಿಡಿಯಲು ಯೋಗ್ಯವಾಗಿರುವಿಕೆಯನ್ನು ಆ ಪಟ್ಟಿಗೆ ಸೇರಿಸಲಿಲ್ಲ. ಓತಿ ಕಣಿವೆಯ ಮೇಲೆ ತೇಲಿಹೋದಾಗ ಅದು ಅಜ್ಞೇಯವಾಗುವುದಿಲ್ಲ. ಅದು ಇದೆಯೆಂಬುದು ಅಲ್ಲಿದ್ದವರೆಲ್ಲರಿಗೂ ಆಗ ನಿಶ್ಚಿತವಾಗಿದೆ. ಕಳೆದುಹೋದುದು ವಸ್ತುವಿನ ಮೇಲಿನ ಒಡೆತನ. ಅರಿವಿಗೆ ಏನೂ ನಷ್ಟವಿಲ್ಲ. ಆದುದರಿಂದ ಈ ಮುಕ್ತಾಯವನ್ನು ವಿಜ್ಞಾನದ ಸೋಲೆಂದಾಗಲಿ ಅನುಭಾವದ ಗೆಲುವೆಂದಾಗಲಿ ವ್ಯಾಖ್ಯಾನಿಸುವುದು ಉಚಿತವಲ್ಲ.

ಸತ್ತಾಮೀಮಾಂಸೆಯನ್ನು ಕನ್ನಡದಲ್ಲಿ ಬೋಧಿಸುವವರಿಗೆ ಇದರಿಂದ ಒಂದು ಕೆಲಸ ಒದಗುತ್ತದೆ. ಜೀವಜಾತಿಗಳು ಕಣ್ಣೆದುರಿಗೇ ಅಳಿಯುತ್ತಿರುವ ಕಾಲದಲ್ಲಿ ‘ಇಲ್ಲ’ ಎಂಬ ಮಾತಿಗೆ ಶಾಸ್ತ್ರಕಾರರು ಎಣಿಸದಿದ್ದ ಒಂದು ಅರ್ಥ ಬಂದಿದೆ. ಕೊಡವೊಂದು ಒಡೆದರೆ ಕುಂಬಾರನು ಇನ್ನೊಂದನ್ನು ಮಾಡುತ್ತಾನೆ. ಕುಲವೊಂದು ಅಳಿದರೆ ಅದನ್ನು ಮಾಡಬಲ್ಲ ಕುಂಬಾರನಿಲ್ಲ. ಈ ಅಭಾವಕ್ಕೆ ಲಕ್ಷಣವನ್ನು ಕೊಡುವುದು ಪಾಠಗಳನ್ನು ಒಪ್ಪಿಸುವುದರಿಂದ ಆಗುವ ಕೆಲಸವಲ್ಲ. ಘಟ-ಪಟಗಳ ಜೊತೆಗೆ ಓತಿಯನ್ನೂ ತರಗತಿಗೆ ತರುವುದು ಅದರ ಮೊದಲ ಹೆಜ್ಜೆಯಾದೀತು.