ಕಿರುಚಾಟಕ್ಕೂ ಮುಂಚಿನ ಸಂಗೀತ

ಸಸ್ಪೆನ್ಸ್ ಸಿನಿಮಾಗಳ ಹಿನ್ನೆಲೆ ಸಂಗೀತದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ‘ಸೈಕೋ’ದ ಬಚ್ಚಲುಮನೆಯಲ್ಲಿ ಕಿರುಚುವ ಪಿಟೀಲುಗಳು. ಚಿತ್ರ ನೋಡದವರಿಗೂ ಆ ಸದ್ದು ಗೊತ್ತು. ಜಾಹೀರಾತು, ಕಾರ್ಟೂನು, ಹಾಸ್ಯದ ಕಾರ್ಯಕ್ರಮಗಳು ಅದನ್ನು ಸವೆಯುವಷ್ಟು ಬಳಸಿವೆ. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ಆ ಚಿತ್ರಕ್ಕೆ ಬರ್ನಾರ್ಡ್ ಹೆರ್ಮನ್ ಬರೆದ ಇಡೀ ಸಂಗೀತವನ್ನು ಹೀಗೆ ಒಂದೇ ಒಂದು ನಿಮಿಷಕ್ಕೆ ಇಳಿಸಿಬಿಟ್ಟಿರುವುದು ದೊಡ್ಡ ಅನ್ಯಾಯ. ಬೆಚ್ಚಿಬೀಳಿಸುವುದು ಬೇರೆ, ಕಾಯಿಸುವುದು ಬೇರೆ. ಸಸ್ಪೆನ್ಸ್ ಎಂಬುದರ ಜೀವ ಇರುವುದು ಕಾಯಿಸುವುದರಲ್ಲಿ. ಹೆರ್ಮನ್‌ನ ನಿಜವಾದ ಹೆಚ್ಚುಗಾರಿಕೆ ಕಾಣಬೇಕಾದರೆ ಆ ಬಚ್ಚಲುಮನೆಯ ಕೊಲೆಗೆ ಮುಂಚಿನ ಮುಕ್ಕಾಲು ಗಂಟೆಯನ್ನು ಕಿವಿಗೊಟ್ಟು ಕೇಳಬೇಕು.

ಆ ಮುಕ್ಕಾಲು ಗಂಟೆಯಲ್ಲಿ ನಡೆಯುವುದಾದರೂ ಏನು? ಫೀನಿಕ್ಸ್ ನಗರದ ಕಚೇರಿಯೊಂದರಲ್ಲಿ ಕೆಲಸ ಮಾಡುವ ಮೇರಿಯನ್ ಕ್ರೇನ್, ಬ್ಯಾಂಕಿಗೆ ಕಟ್ಟಬೇಕಾದ 40,000 ಡಾಲರನ್ನು ಎತ್ತಿಕೊಂಡು ಪ್ರಿಯಕರನ ಊರಿನ ಕಡೆ ಕಾರಿನಲ್ಲಿ ಹೊರಡುತ್ತಾಳೆ. ದಾರಿಯಲ್ಲಿ ಒಬ್ಬ ಪೊಲೀಸ್ ಅನುಮಾನದಿಂದ ನೋಡುತ್ತಾನೆ, ಅವಳು ಕಾರು ಬದಲಾಯಿಸುತ್ತಾಳೆ, ಕತ್ತಲಾಗುತ್ತದೆ, ಮಳೆ ಬರುತ್ತದೆ, ಒಂದು ಮೋಟೆಲ್ಲಿನ ದೀಪ ಕಾಣುತ್ತದೆ. ಇದರಲ್ಲಿ ಬಹುಪಾಲು ಬರೀ ಡ್ರೈವಿಂಗ್. ಸ್ಟಿಯರಿಂಗ್ ಹಿಡಿದ, ಮೇರಿಯನ್ ಪಾತ್ರದ ಜಾನೆಟ್ ಲೀಯ ಮುಖ, ಮುಂದಿನ ರಸ್ತೆ, ಮತ್ತೆ ಮುಖ. ಸದ್ದು ಪೂರ್ತಿ ಕಡಿಮೆ ಮಾಡಿ ನೋಡಿದರೆ ಅವಳು ತವರಿಗೆ ಹೊರಟಿದ್ದಾಳೋ ಸಂತೆಗೆ ಹೊರಟಿದ್ದಾಳೋ ಹೇಳಲಾಗದು. ಸದ್ದು ಏರಿಸಿದ ಕೂಡಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ.

ಹೆಸರುಗಳ ಪಟ್ಟಿಯ ಜೊತೆ ಕೇಳಿಬಂದ ಆರಂಭದ ಸಂಗೀತವನ್ನೇ ಹೆರ್ಮನ್ ಈ ಪ್ರಯಾಣಕ್ಕೆ ಮತ್ತೆ ತರುತ್ತಾನೆ. ಕಮಾನನ್ನು ಒತ್ತಿ ಹೊಡೆದಂಥ ಕೆಲವು ಪೆಟ್ಟುಗಳು, ಅವುಗಳ ಬೆನ್ನಿಗೇ ಎಡೆಬಿಡದೆ ಓಡುವ ಸಣ್ಣ ಸಣ್ಣ ಸ್ವರಗಳ ಗುಂಪು. ಅದು ಎಲ್ಲಿಗೂ ತಲುಪುವುದಿಲ್ಲ. ಒಂದು ಗುಂಪು ತನ್ನನ್ನು ತಾನೇ ಎರಡು ಸಲ, ನಾಲ್ಕು ಸಲ ಹೇಳಿಕೊಂಡು, ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿದು ಮತ್ತೆ ಹೇಳಿಕೊಳ್ಳುತ್ತದೆ. ನಡುವೆ ರಾಗದಂಥದೊಂದು ಎಳೆ ತಲೆಯೆತ್ತುವುದುಂಟು, ಆದರೆ ಅದಕ್ಕೆ ನೆಲೆಗೊಳ್ಳಲು ಜಾಗ ಸಿಗುವುದಿಲ್ಲ. ಮೇರಿಯನ್‌ಳ ತಲೆಯೊಳಗೆ ಯಜಮಾನನ ದನಿ, ಹಣ ಕಳೆದುಕೊಂಡ ಗಿರಾಕಿಯ ದನಿ ಮೊಳಗುತ್ತಿರುವಾಗ ತಂತಿಗಳು ಅವಕ್ಕೆ ಗಮನ ಕೊಡದೆ ಓಡುತ್ತಲೇ ಇರುತ್ತವೆ. ಅವಳಿಗಿರುವ ಭಯ ಸಿಕ್ಕಿಬೀಳುವುದರದ್ದು. ಸಂಗೀತ ಸೂಚಿಸುವ ಭಯ ಅದಕ್ಕಿಂತ ಆಳವಾದದ್ದು, ಅದರ ಸುಳಿವು ಅವಳಿಗಿಲ್ಲ. ಪಾತ್ರಕ್ಕೆ ತಿಳಿಯದ್ದು ಸಂಗೀತಕ್ಕೆ ತಿಳಿದಿದೆ ಎಂಬ ಅನಿಸಿಕೆಯನ್ನು ಇಷ್ಟು ಹೊತ್ತು, ಒಂದೂ ಅಬ್ಬರದ ತಿರುವಿಲ್ಲದೆ ಹಿಡಿದಿಟ್ಟ ಇನ್ನೊಂದು ಚಿತ್ರವನ್ನು ನಾನು ಕೇಳಿಲ್ಲ.

ಇದನ್ನು ಸಾಧಿಸಿದ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ಆರಂಭದ ಪೆಟ್ಟುಗಳಲ್ಲಿ ಕೇಳುವ ಸ್ವರಗಳು ನಮಗೆ ಅಪರಿಚಿತವೇನಲ್ಲ. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಕಾಕಲಿ ನಿಷಾದ. ಕೀರವಾಣಿ ಹಾಡುವವರು ದಿನವೂ ಮುಟ್ಟುವ ಸ್ವರಗಳಿವು. ರಾಗದಲ್ಲಿ ಅವು ಒಂದಾದ ಮೇಲೊಂದು ಬರುತ್ತವೆ, ಕಾಕಲಿ ನಿಷಾದ ಮೇಲಿನ ಷಡ್ಜಕ್ಕೆ ಸೇರಿದಾಗ ಕಿವಿ ತಣಿಯುತ್ತದೆ. ಹೆರ್ಮನ್ ನಾಲ್ಕನ್ನೂ ಒಟ್ಟಿಗೇ ನುಡಿಸುತ್ತಾನೆ. ಷಡ್ಜವನ್ನು ಸೇರಲು ಹಾತೊರೆಯುವ ನಿಷಾದ, ಷಡ್ಜ ಮೊಳಗುತ್ತಿರುವಾಗಲೇ ಅದರ ಜೊತೆ ಉಜ್ಜುತ್ತ ನಿಂತುಬಿಡುತ್ತದೆ. ತಣಿಯಬೇಕಾದ ಕಿವಿ ತಣಿಯುವುದಿಲ್ಲ. ಹಿಚ್‌ಕಾಕ್ ಚಿತ್ರಗಳಲ್ಲಿ ಇದು ಮತ್ತೆ ಮತ್ತೆ ಬರುವುದರಿಂದ ಪಾಶ್ಚಾತ್ಯ ವಿಮರ್ಶಕರು ಈ ಸ್ವರಗುಚ್ಛಕ್ಕೆ ಹಿಚ್‌ಕಾಕ್‌ನ ಹೆಸರನ್ನೇ ಇಟ್ಟಿದ್ದಾರೆ. ಹೆರ್ಮನ್‌ನ ಹೆಸರಿಟ್ಟಿದ್ದರೆ ಹೆಚ್ಚು ನ್ಯಾಯವಾಗುತ್ತಿತ್ತು.

ಇನ್ನೊಂದು, ವಾದ್ಯಗಳ ಆಯ್ಕೆ. ‘ಸೈಕೋ’ ಕಡಿಮೆ ಖರ್ಚಿನ ಚಿತ್ರ. ಸುಮಾರು 8 ಲಕ್ಷ ಡಾಲರ್‌ನಲ್ಲಿ, ಹಿಚ್‌ಕಾಕ್ ತನ್ನ ಟೆಲಿವಿಷನ್ ಸರಣಿಯ ತಂಡವನ್ನು ಇಟ್ಟುಕೊಂಡು, ಕಪ್ಪು ಬಿಳುಪಿನಲ್ಲಿ ತೆಗೆದದ್ದು. ಹೆರ್ಮನ್ ಕೊಳಲು, ಕಹಳೆ, ತಾಳವಾದ್ಯಗಳನ್ನೆಲ್ಲ ಕೈಬಿಟ್ಟು ಬರೀ ಪಿಟೀಲು, ವಯೋಲಾ, ಚೆಲೋ, ಡಬಲ್ ಬಾಸ್ ಇಟ್ಟುಕೊಂಡ. ಕಪ್ಪು ಬಿಳುಪಿನ ಚಿತ್ರಕ್ಕೆ ಕಪ್ಪು ಬಿಳುಪಿನದೇ ನಾದ ಬೇಕೆನ್ನುವುದು ಅವನ ವಿವರಣೆ. ಹಾಲಿವುಡ್ಡಿನಲ್ಲಿ ತಂತಿವಾದ್ಯಗಳೆಂದರೆ ಪ್ರೇಮದೃಶ್ಯದ ಸ್ವತ್ತು, ಭಯಕ್ಕೆ ಹಿತ್ತಾಳೆಯ ಕಹಳೆ ಮತ್ತು ನಗಾರಿ ಎಂಬ ರೂಢಿ ಬಲವಾಗಿದ್ದ ಕಾಲವದು. ಹಿಚ್‌ಕಾಕ್‌ನದೇ ‘ಸ್ಪೆಲ್‌ಬೌಂಡ್’ (1945) ಚಿತ್ರಕ್ಕೆ ಮಿಕ್ಲೋಶ್ ರೋಜಾ ಬರೆದ ಸಂಗೀತದಲ್ಲಿ ಈ ವಿಂಗಡಣೆ ಸ್ಪಷ್ಟವಾಗಿ ಕೇಳುತ್ತದೆ. ಪ್ರೇಮಕ್ಕೆ ಪಿಟೀಲುಗಳ ತುಂಬು ರಾಗ, ಮನಸ್ಸಿನ ವಿಕಾರಕ್ಕೆ ಥೆರೆಮಿನ್ ಎಂಬ ವಿದ್ಯುತ್ ವಾದ್ಯದ ನರಳಿಕೆ. ಅದು ಆಸ್ಕರ್ ಗೆದ್ದ ಸಂಗೀತ, ಸೊಗಸಾಗಿಯೂ ಇದೆ. ಆದರೆ ಅದರ ಸೊಗಸೇ ಅದಕ್ಕೆ ಅಡ್ಡಿ. ಪೂರ್ತಿಯಾದ ರಾಗ ಕೇಳುಗನನ್ನು ಕೈಹಿಡಿದು ಮನೆ ಮುಟ್ಟಿಸುತ್ತದೆ. ಮನೆ ಮುಟ್ಟಿದವನು ಕಾಯುವುದಿಲ್ಲ.

‘ಸೈಕೋ’ದಲ್ಲಿ ಹೆರ್ಮನ್ ಇನ್ನೂ ಒಂದು ಕಟ್ಟುಪಾಡು ಹಾಕಿಕೊಂಡಿದ್ದಾನೆ. ಚಿತ್ರದ ಬಹುಭಾಗದಲ್ಲಿ ವಾದ್ಯಗಳ ಕುದುರೆಯ ಮೇಲೆ ಮ್ಯೂಟ್ ಸಿಕ್ಕಿಸಿಯೇ ನುಡಿಸಬೇಕೆಂದು ಬರೆದಿದ್ದಾನೆ. ಇದರಿಂದ ನಾದ ಸಣ್ಣದಾಗಿ, ಮುಚ್ಚಿದ ಬಾಗಿಲಿನ ಆಚೆಯಿಂದ ಬಂದಂತೆ ಕೇಳುತ್ತದೆ. ವೇಗದ ಭಾಗಗಳಲ್ಲೂ ಗಂಟಲು ಬಿಗಿಹಿಡಿದ ಅನುಭವ ಆಗುವುದು ಇದರಿಂದಲೇ. ಕೊಲೆಯ ಕ್ಷಣದಲ್ಲಿ ಮ್ಯೂಟ್ ಕಳಚುತ್ತದೆ. ಅತಿ ಎತ್ತರದ ಸ್ಥಾಯಿಯಲ್ಲಿ ಮೊದಲು ಒಂದೇ ದನಿ, ಬೆನ್ನಿಗೆ ಅದರೊಂದಿಗೆ ತೀರ ಹೊಂದದ ಇನ್ನೊಂದು, ಮತ್ತೊಂದು. ಹೀಗೆ ಪದರ ಪದರವಾಗಿ ಕೆಳಗಿನ ವಾದ್ಯಗಳವರೆಗೆ ಇಳಿದು, ಎರಡನೆಯ ಸುತ್ತಿನಲ್ಲಿ ಪ್ರತಿ ಪೆಟ್ಟಿಗೂ ಒಂದು ಜಾರು ಸೇರಿಕೊಳ್ಳುತ್ತದೆ. ಆಮೇಲೆ ಮೇರಿಯನ್ ಗೋಡೆಗೆ ಒರಗಿ ಜಾರುವಾಗ ಚೆಲೋ ಮತ್ತು ಬಾಸ್‌ಗಳ ಭಾರವಾದ ನಿಧಾನದ ಸ್ವರಗಳು. ಆ ಕಿರುಚು ಅಷ್ಟು ಆಳಕ್ಕೆ ಇಳಿಯಲು ಕಾರಣ ಅದರ ಮುಂಚೆ ನಮ್ಮ ಕಿವಿಯನ್ನು ಮುಕ್ಕಾಲು ಗಂಟೆ ಮೆಲುದನಿಗೆ ಒಗ್ಗಿಸಿಟ್ಟಿದ್ದು. ಅನುಕರಿಸಿದವರು ಕಿರುಚನ್ನು ಕದ್ದರು, ಒಗ್ಗಿಸುವ ತಾಳ್ಮೆಯನ್ನು ಬಿಟ್ಟರು. ಇಂದಿನ ಎಷ್ಟೋ ಭಯದ ಚಿತ್ರಗಳಲ್ಲಿ ಬೆಕ್ಕು ಹಾರಿದರೂ ಬಾಗಿಲು ತೆರೆದರೂ ಧಡಾರೆಂದು ಸದ್ದು. ಮೂರನೆಯ ಸಲಕ್ಕೆ ನೋಡುವವರ ಮೈ ಮರಗಟ್ಟಿರುತ್ತದೆ.

ಬಚ್ಚಲುಮನೆಯ ಆ ದೃಶ್ಯಕ್ಕೆ ಸಂಗೀತವೇ ಬೇಡ, ನೀರಿನ ಸದ್ದು ಸಾಕು ಎಂದಿದ್ದವನು ಹಿಚ್‌ಕಾಕ್. ಹೆರ್ಮನ್ ಆ ಮಾತು ಮೀರಿ ಬರೆದ. ಕೇಳಿಸಿದ ಮೇಲೆ ಹಿಚ್‌ಕಾಕ್ ತನ್ನ ನಿಲುವು ಬಿಟ್ಟುಕೊಟ್ಟ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಯಾರೂ ಹೇಳದ ದೃಶ್ಯ ಇನ್ನೊಂದಿದೆ. ಮೋಟೆಲ್ಲಿನ ಹಿಂಬದಿಯ ಕೋಣೆಯಲ್ಲಿ, ಒಳಗೆ ಹೊಟ್ಟು ತುಂಬಿಸಿಟ್ಟ ಹಕ್ಕಿಗಳ ನಡುವೆ ಮೋಟೆಲ್ಲಿನ ಯಜಮಾನ ನಾರ್ಮನ್ ಬೇಟ್ಸ್ ಮತ್ತು ಮೇರಿಯನ್ ಮಾತಾಡುತ್ತ ಕೂತಿದ್ದಾರೆ. ಬಹಳ ಹೊತ್ತು ಸಂಗೀತವಿಲ್ಲ. ತಾಯಿಯನ್ನು ಎಲ್ಲಾದರೂ ಸೇರಿಸಬಾರದೇ ಎಂದು ಅವಳು ಮೆಲ್ಲಗೆ ಕೇಳಿದಾಗ ನಾರ್ಮನ್ ಪಾತ್ರದ ಆಂಥೊನಿ ಪರ್ಕಿನ್ಸ್ ಮುಂದಕ್ಕೆ ಬಾಗುತ್ತಾನೆ. ಅದೇ ಗಳಿಗೆಗೆ ಕೆಳಸ್ಥಾಯಿಯಲ್ಲಿ ಮೂರು ಸ್ವರಗಳು ಕೇಳುತ್ತವೆ. ಒಂದು ಮೇಲಕ್ಕೆ ಹಾರಿ, ಇನ್ನೊಂದು ಆಳಕ್ಕೆ ಬೀಳುವ ಮೂರೇ ಸ್ವರಗಳು. ನಾರ್ಮನ್‌ನ ಮಾತು ಇನ್ನೂ ಸಭ್ಯವಾಗಿಯೇ ಇದೆ, ಆದರೆ ಕೋಣೆಯ ಗಾಳಿ ಬದಲಾಗಿಬಿಟ್ಟಿದೆ. ಹೆರ್ಮನ್‌ಗೆ ಈ ಮೂರು ಸ್ವರಗಳು ಕೊನೆಯವರೆಗೂ ಬೇಕಾದವು. 1975ರ ಡಿಸೆಂಬರ್‌ನಲ್ಲಿ, ತೀರಿಹೋಗುವ ಹಿಂದಿನ ದಿನಗಳಲ್ಲಿ ಧ್ವನಿಮುದ್ರಿಸಿದ ‘ಟ್ಯಾಕ್ಸಿ ಡ್ರೈವರ್’ ಚಿತ್ರದ ಕಟ್ಟಕಡೆಗೆ ಅವು ಮತ್ತೆ ಬರುತ್ತವೆ. ಪತ್ರಿಕೆಗಳು ನಾಯಕನನ್ನು ವೀರನೆಂದು ಹೊಗಳಿಯಾಗಿದೆ. ಸಂಗೀತ ಮಾತ್ರ ಅದನ್ನು ಒಪ್ಪುವುದಿಲ್ಲ.

ಮೂರು ಸ್ವರ, ಎರಡು ಸ್ವರಗಳಲ್ಲಿ ಕೆಲಸ ಮಾಡುವ ಈ ಕ್ರಮವನ್ನು ಹೆರ್ಮನ್ ರೇಡಿಯೋದಿಂದ ತಂದ. 1930ರ ದಶಕದಲ್ಲಿ ಸಿಬಿಎಸ್ ರೇಡಿಯೋದಲ್ಲಿ, ಆರ್ಸನ್ ವೆಲ್ಸ್ ಮತ್ತಿತರರ ನಾಟಕಗಳಿಗೆ ಅವನು ಸಂಗೀತ ಒದಗಿಸುತ್ತಿದ್ದ. ಅಲ್ಲಿ ಎರಡು ಮಾತುಗಳ ನಡುವೆ ಸಿಗುವುದು ಕೆಲವೇ ಕ್ಷಣ. ಉದ್ದನೆಯ ರಾಗ ಬಿಚ್ಚಲು ಅವಕಾಶವಿಲ್ಲ. ನಾದದ ಬಣ್ಣದಲ್ಲೇ ಎಲ್ಲವನ್ನೂ ಹೇಳಬೇಕು. ವೆಲ್ಸ್‌ನ ಜೊತೆಗೇ ಸಿನಿಮಾಕ್ಕೆ ಬಂದು 1941ರ ‘ಸಿಟಿಜನ್ ಕೇನ್’ಗೆ ಸಂಗೀತ ಬರೆದಾಗಲೂ, ಮುಂದೆ 1955ರಲ್ಲಿ ಹಿಚ್‌ಕಾಕ್‌ನ ಬಳಗ ಸೇರಿದಾಗಲೂ ಈ ಮಿತವ್ಯಯ ಅವನನ್ನು ಬಿಡಲಿಲ್ಲ.

ಇದೇ ಹೆರ್ಮನ್ ಉದ್ದಕ್ಕೆ ಹರಿಯಬಲ್ಲ ಎಂಬುದಕ್ಕೆ ‘ವರ್ಟಿಗೋ’ (1958) ಇದೆ. ಅದರ ಆರಂಭದಲ್ಲಿ ಒಂದು ಸಾಲು ಮೇಲೇರುತ್ತಿರುವಾಗಲೇ ಇನ್ನೊಂದು ಸಾಲು ಕೆಳಗಿಳಿಯುತ್ತದೆ. ಸಾಲ್ ಬಾಸ್ ರೂಪಿಸಿದ ಶೀರ್ಷಿಕೆಗಳಲ್ಲಿ ಸುತ್ತುವ ಸುರುಳಿಗಳ ಜೊತೆ ಅದನ್ನು ಕೇಳಿದಾಗ ಕೂತ ಕುರ್ಚಿಯೇ ವಾಲಿದಂತಾಗುತ್ತದೆ. ಹೋಟೆಲ್ ಕೋಣೆಯ ಹಸಿರು ಬೆಳಕಿನಲ್ಲಿ ಕಿಮ್ ನೊವಾಕ್ ಸತ್ತವಳ ರೂಪ ತೊಟ್ಟು ಹೊರಬರುವ ದೃಶ್ಯದಲ್ಲಿ ಮಾತೇ ಇಲ್ಲವೆನ್ನಬೇಕು. ನಿಮಿಷಗಟ್ಟಲೆ ವಾದ್ಯವೃಂದ ಏರುತ್ತಲೇ ಹೋಗುತ್ತದೆ. ಇಲ್ಲಿ ವ್ಯಾಗ್ನರ್‌ನ ‘ಟ್ರಿಸ್ಟಾನ್’ನ ನೆರಳು ದಟ್ಟವಾಗಿದೆ, ಹೆರ್ಮನ್ ಅದನ್ನು ಮರೆಮಾಚುವುದೂ ಇಲ್ಲ. ಕೆಲವರು ಇದನ್ನು ಎರವಲು ಎಂದು ಆಕ್ಷೇಪಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸತ್ತ ಹೆಂಗಸನ್ನು ಬದುಕಿದವಳ ಮೇಲೆ ಹೊದಿಸಲು ಹೊರಟವನ ಹುಚ್ಚಿಗೆ ಹಳೆಯ ಸಂಗೀತದ ನೆರಳೇ ಸರಿಯಾದ ದನಿ. ಆಶ್ಚರ್ಯವೆಂದರೆ ‘ವರ್ಟಿಗೋ’, ‘ಸೈಕೋ’ ಎರಡರ ಸಂಗೀತಕ್ಕೂ ಆಸ್ಕರ್ ನಾಮನಿರ್ದೇಶನ ಕೂಡ ಸಿಗಲಿಲ್ಲ.

ಹೆರ್ಮನ್‌ನ ಸಂಗೀತವನ್ನು ಸಿನಿಮಾದಿಂದ ಬಿಡಿಸಿ ಕಛೇರಿಯಲ್ಲಿ ನುಡಿಸುವುದು ಈಗ ಸಾಮಾನ್ಯ. ‘ಸೈಕೋ’ದ ಇಡೀ ಸಂಗೀತವನ್ನು 1975ರಲ್ಲಿ ಅವನೇ ಲಂಡನ್ನಿನ ನ್ಯಾಷನಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದಿಂದ ಮತ್ತೆ ನುಡಿಸಿ ಮುದ್ರಿಸಿದ. ಕಾಲಪ್ರಮಾಣ ಬಹಳ ನಿಧಾನ. ಒಳಗಿನ ಸ್ವರಗಳ ಹೆಣಿಗೆ ಅಲ್ಲಿ ಚೆನ್ನಾಗಿ ತಿಳಿಯುತ್ತದೆ, ಓಟದ ದಿಗಿಲು ಮಾತ್ರ ಕಳೆದುಹೋಗಿದೆ. ಚಿತ್ರದ ದೃಶ್ಯವಿಲ್ಲದೆ ಒಂದೇ ಸಮನೆ ಕೇಳುವಾಗ ಪುನರಾವರ್ತನೆ ದಣಿಸುವುದೂ ನಿಜ. ಹಾಗೆಂದು ಸಂಗೀತ ಕಡಿಮೆಯದೇನಲ್ಲ. ಅದರ ಅರ್ಧ ಅಂಗ ಪರದೆಯ ಮೇಲಿದೆ, ಅಷ್ಟೆ.

ಎಲ್ಲಿ ಸುಮ್ಮನಿರಬೇಕು ಎಂಬುದೂ ಈ ಕಲೆಯ ಭಾಗ. ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದಲ್ಲಿ ಬಯಲಿನ ನಡುವೆ ನಿಂತ ಕ್ಯಾರಿ ಗ್ರಾಂಟ್‌ನನ್ನು ಔಷಧ ಸಿಂಪಡಿಸುವ ವಿಮಾನ ಅಟ್ಟಿಸಿಕೊಂಡು ಬರುತ್ತದೆ. ವಿಮಾನ ಹೋಗಿ ಟ್ಯಾಂಕರ್ ಲಾರಿಗೆ ಬಡಿಯುವವರೆಗೆ ಒಂದು ಸ್ವರವೂ ಇಲ್ಲ. ‘ದಿ ಬರ್ಡ್ಸ್’ (1963) ಚಿತ್ರದಲ್ಲಂತೂ ವಾದ್ಯವೃಂದವೇ ಇಲ್ಲ. ಹಕ್ಕಿಗಳ ಸದ್ದನ್ನು ವಿದ್ಯುತ್ ವಾದ್ಯದಿಂದ ಹುಟ್ಟಿಸಿದರು, ಹೆರ್ಮನ್ ಅದಕ್ಕೆ ಸಲಹೆಗಾರನಾಗಿದ್ದ. ಈ ಪಾಠವನ್ನು ಚೆನ್ನಾಗಿ ಕಲಿತವನು ಜಾನ್ ವಿಲಿಯಮ್ಸ್. ‘ಜಾಸ್’ (1975) ಚಿತ್ರದ ಆ ಎರಡು ಸ್ವರಗಳು ಶಾರ್ಕ್ ಬರುವಾಗ ಕೇಳುತ್ತವೆ. ಹುಡುಗರಿಬ್ಬರು ಶಾರ್ಕಿನಂಥ ಸುಳ್ಳು ಈಜುರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವಾಗ ಸಂಗೀತ ಬಾಯಿಬಿಡುವುದಿಲ್ಲ. ಸಂಗೀತ ಸುಳ್ಳಾಡದು ಎಂಬ ನಂಬಿಕೆ ಹೀಗೆ ಬೆಳೆದ ಮೇಲೆ, ಮುಂದೆ ಶಾರ್ಕ್ ಸೂಚನೆಯೇ ಕೊಡದೆ ನೀರಿನಿಂದ ಎದ್ದಾಗ ಪೆಟ್ಟು ಇಮ್ಮಡಿಯಾಗುತ್ತದೆ.

ಸುಮ್ಮನಿರುವ ವಿಷಯದಲ್ಲೇ ಹೆರ್ಮನ್ ಒಮ್ಮೆ ಎಡವಿದ. 1966ರ ‘ಟಾರ್ನ್ ಕರ್ಟನ್’ ಚಿತ್ರಕ್ಕೆ ಹಿಚ್‌ಕಾಕ್ ಬಯಸಿದ್ದು ಹೊಸ ಕಾಲದ ಜನಪ್ರಿಯ ಧಾಟಿ. ಸ್ಟುಡಿಯೋದವರ ಒತ್ತಾಯವೂ ಅದೇ. ಹೆರ್ಮನ್ ತಂದದ್ದು 12 ಕೊಳಲು, 16 ಹಾರ್ನ್, 9 ಟ್ರಾಂಬೋನ್, ಚೆಲೋ, ಬಾಸ್‌ಗಳ ಭಾರೀ ತಂಡ. ಪಿಟೀಲು ಒಂದೂ ಇಲ್ಲ. ಮುದ್ರಣ ನಡೆಯುತ್ತಿರುವಾಗಲೇ ಹಿಚ್‌ಕಾಕ್ ಅದನ್ನು ನಿಲ್ಲಿಸಿದ. ಹನ್ನೊಂದು ವರ್ಷದ ಜೊತೆಗಾರಿಕೆ ಅಲ್ಲಿಗೆ ಮುಗಿಯಿತು, ಜಾನ್ ಅಡಿಸನ್ ಬೇರೆ ಸಂಗೀತ ಬರೆದ. ತೋಟದ ಮನೆಯಲ್ಲಿ ಗ್ರೋಮೆಕ್ ಎಂಬ ಪಹರೆಯವನನ್ನು ಕೊಲ್ಲುವ ಉದ್ದನೆಯ ದೃಶ್ಯ ಈ ಚಿತ್ರದಲ್ಲಿದೆ. ಚಾಕು, ಗುದ್ದಲಿ, ಕೊನೆಗೆ ಗ್ಯಾಸ್ ಒಲೆ. ಮನುಷ್ಯನನ್ನು ಕೊಲ್ಲುವುದು ಎಷ್ಟು ತ್ರಾಸದ, ಹೇಸಿಗೆಯ ಕೆಲಸ ಎಂದು ತೋರಿಸುವುದು ಅದರ ಉದ್ದೇಶ. ಹೆರ್ಮನ್ ಇದಕ್ಕೂ ಸಂಗೀತ ಬರೆದಿದ್ದ. ಅದನ್ನು ಮುಂದೆ ಬೇರೆಯವರು ನುಡಿಸಿ ಮುದ್ರಿಸಿದ್ದಾರೆ. ಆ ಹಾರ್ನ್‌ಗಳ ಗರ್ಜನೆ ಬೆರಗು ಹುಟ್ಟಿಸುತ್ತದೆ, ನಿಜ. ದೃಶ್ಯದ ಜೊತೆಗಿಟ್ಟು ಕೇಳಿದರೆ ಅದು ಆ ಒದ್ದಾಟಕ್ಕೆ ಇಲ್ಲದ ಭವ್ಯತೆ ತರುತ್ತದೆ, ಏದುಸಿರನ್ನೂ ನೆಲಕ್ಕೆ ಉಜ್ಜುವ ಬೂಟಿನ ಸದ್ದನ್ನೂ ನುಂಗುತ್ತದೆ. ಆ ದೃಶ್ಯ ಚಿತ್ರದಲ್ಲಿರುವಂತೆ ಸಂಗೀತವಿಲ್ಲದೆಯೇ ಸರಿ.

ಅದೇ ಚಿತ್ರದಲ್ಲಿ ಬಸ್ಸಿನ ದೃಶ್ಯವೊಂದಿದೆ. ತಲೆತಪ್ಪಿಸಿಕೊಂಡವರನ್ನು ಹೊತ್ತ ನಕಲಿ ಬಸ್ಸು, ಹಿಂದೆಯೇ ಹತ್ತಿರವಾಗುತ್ತಿರುವ ಅಸಲಿ ಬಸ್ಸು. ಏನೂ ಆಗದೆ, ಏನಾದೀತೋ ಎಂದು ಕೂತು ಕಾಯುವ ಪ್ರಯಾಣ. ಕಾಯಿಸುವ ಸಂಗೀತ ಬೇಕಿದ್ದದ್ದು ಇಲ್ಲಿ, ಮತ್ತು ಅಡಿಸನ್‌ನ ಹಗುರ ಧಾಟಿಗೆ ಆ ಭಾರ ಹೊರುವ ಶಕ್ತಿಯಿಲ್ಲ.