ನೀರು ಹಿಂದೆ ಸರಿದ ಮೇಲೆ: ‘ಫಾದರ್ ಅಂಡ್ ಡಾಟರ್’ ಕಿರುಚಿತ್ರವನ್ನು ಕುರಿತು

ಮಾತಿಲ್ಲದ ಚಿತ್ರಕ್ಕೆ ಅನುವಾದದ ಅಗತ್ಯವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಡಚ್ ನಿರ್ದೇಶಕ ಮೈಕೆಲ್ ಡುಡೊಕ್ ದೆ ವಿಟ್ ಅವರ ‘ಫಾದರ್ ಅಂಡ್ ಡಾಟರ್’ (2000) ಈ ನಂಬಿಕೆಯನ್ನು ಪರೀಕ್ಷೆಗೊಡ್ಡುತ್ತದೆ. ಎಂಟೂವರೆ ನಿಮಿಷಗಳ ಈ ಅನಿಮೇಷನ್ ಚಿತ್ರ 2001ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಆನೆಸಿ ಉತ್ಸವದ ಅಗ್ರ ಪ್ರಶಸ್ತಿಯನ್ನೂ ಪಡೆಯಿತು.

ಕಥೆ ಸರಳವಾದುದು. ತಂದೆ ಮಗಳು ಸೈಕಲ್ಲಿನಲ್ಲಿ ಏರಿಯೊಂದಕ್ಕೆ ಬರುತ್ತಾರೆ. ತಂದೆ ಮಗಳನ್ನು ಅಪ್ಪಿ ಕೆಳಗಿಳಿದು, ಮತ್ತೆ ಓಡಿಬಂದು ಅವಳನ್ನು ಎತ್ತಿಕೊಂಡು, ಅನಂತರ ದೋಣಿಯೇರಿ ಹೋಗುತ್ತಾನೆ. ಆತ ಮರಳುವುದಿಲ್ಲ. ಹೋದದ್ದೇಕೆಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಗಾಳಿ ಮಳೆಯೆನ್ನದೆ ಮಗಳು ಆ ದಡಕ್ಕೆ ಬರುತ್ತಲೇ ಇರುತ್ತಾಳೆ. ಗೆಳತಿಯರೊಡನೆ, ಪ್ರಿಯಕರನೊಡನೆ, ಗಂಡ ಮಕ್ಕಳೊಡನೆ, ಕೊನೆಗೆ ಮುದುಕಿಯಾಗಿ ಒಬ್ಬಳೇ. ಅಷ್ಟರಲ್ಲಿ ನೀರು ಬತ್ತಿ ಹುಲ್ಲು ಬೆಳೆದಿರುತ್ತದೆ. ಅವಳು ಹುಲ್ಲಿನ ನಡುವೆ ನಡೆದು, ಅರ್ಧ ಹೂತ ದೋಣಿಯನ್ನು ಕಂಡು ಅದರಲ್ಲಿ ಮಲಗುತ್ತಾಳೆ.

ಈ ಬತ್ತಿದ ನೀರನ್ನು ಕೇವಲ ಮರಣದ ರೂಪಕವೆಂದು ಓದುವುದು ವಾಡಿಕೆ. ನಮಗೆ ಈ ಓದು ಅವಸರದ್ದೆನಿಸುತ್ತದೆ. ಚಿತ್ರ ಯಾವ ಊರನ್ನೂ ಹೆಸರಿಸದಿದ್ದರೂ ಅದರ ಏರಿ, ಸೈಕಲ್ಲು, ಸಪಾಟಾದ ದಿಗಂತಗಳು ನೆದರ್ಲೆಂಡ್ಸಿನವು. ಅಲ್ಲಿ 1932ರಲ್ಲಿ ಜಾಯ್ಡರ್ ಜೇ ಎಂಬ ಒಳಗಡಲಿಗೆ ಅಡ್ಡಗಟ್ಟೆ ಪೂರ್ಣಗೊಂಡಿತು; 1957 ಮತ್ತು 1968ರಲ್ಲಿ ಫ್ಲೆವೊಲ್ಯಾಂಡಿನ ವಿಶಾಲ ಭಾಗಗಳು ನೀರಿನಿಂದ ಹೊರಬಂದವು. ಹೀಗೆ ದೊರೆತ ಹೊಲಗಳಲ್ಲಿ ಮುಳುಗಿದ ನೂರಾರು ಹಡಗುಗಳ ಅವಶೇಷಗಳು ಸಿಕ್ಕಿವೆ. ಅಂದರೆ ಒಂದು ಜೀವಮಾನದೊಳಗೆ ಕಡಲು ಹೊಲವಾಗುವುದು, ಹುಲ್ಲಿನಲ್ಲಿ ದೋಣಿ ಸಿಗುವುದು ಆ ಜನಕ್ಕೆ ಮೊದಲು ಅನುಭವ, ಆಮೇಲೆ ರೂಪಕ. ಕನ್ನಡ ಓದುಗರಿಗೆ ಇದರ ವಿಲೋಮ ಪರಿಚಿತವಾಗಿದೆ. ನಾ. ಡಿಸೋಜ ಅವರ ‘ದ್ವೀಪ’ದಲ್ಲೂ ಅದನ್ನಾಧರಿಸಿದ ಗಿರೀಶ ಕಾಸರವಳ್ಳಿಯವರ ಚಿತ್ರದಲ್ಲೂ (2002) ಏರುವ ನೀರು ಮನೆತನವನ್ನು ಸುತ್ತುವರಿಯುತ್ತದೆ. ಅಲ್ಲಿ ನೀರು ನುಂಗುತ್ತದೆ. ಇಲ್ಲಿ ನುಂಗಿದ್ದನ್ನು ಮರಳಿಸುತ್ತದೆ, ಬಹಳ ತಡವಾಗಿ.

ಇದ್ದಿಲು, ಪೆನ್ಸಿಲುಗಳ ಕಂದು ಬೂದು ಛಾಯೆಯ ಈ ಚಿತ್ರದಲ್ಲಿ ಮುಖಗಳು ಕಾಣುವುದೇ ಅಪರೂಪ. ದುಃಖವನ್ನು ಹೊರುವುದು ಉದ್ದನೆಯ ನೆರಳುಗಳು ಮತ್ತು ತಿರುಗುವ ಚಕ್ರಗಳು. ಇವಾನೊವಿಚಿಯ ‘ದಾನ್ಯೂಬಿನ ಅಲೆಗಳು’ ಎಂಬ ವಾಲ್ಟ್ಸ್ ರಾಗ ಆ ಚಕ್ರಗತಿಗೆ ಒಪ್ಪುತ್ತದೆಯಾದರೂ, ಅದರ ಮಾಧುರ್ಯ ಕೆಲವೆಡೆ ರೇಖೆಗಳ ಸಂಯಮವನ್ನು ಮೀರುತ್ತದೆ. ಇದಕ್ಕಿಂತ ದೊಡ್ಡ ಆಕ್ಷೇಪವೊಂದಿದೆ: ತಾಯಿ ಎಲ್ಲಿ? ಆಕೆಯ ಸುಳಿವೂ ಇಲ್ಲ. ಗಂಡ, ಮಕ್ಕಳು ದಡದ ಮೇಲೆ ಕ್ಷಣಕಾಲ ನಿಂತು ಸರಿದುಹೋಗುತ್ತಾರೆ. ಹೆಣ್ಣಿನ ಇಡೀ ಬದುಕನ್ನು ತಂದೆಯ ನಿರೀಕ್ಷೆಗೆ ಇಳಿಸಿರುವುದು ಕೃತಿಯ ಏಕಾಗ್ರತೆಯೂ ಹೌದು, ಮಿತಿಯೂ ಹೌದು.

ಆದರೂ ಅಂತ್ಯದ ಒಂದು ಸೂಕ್ಷ್ಮವನ್ನು ವಿಮರ್ಶೆ ಕಡೆಗಣಿಸಬಾರದು. ಮುದುಕಿ ಏರಿಯ ಮೇಲೆ ನಿಲ್ಲಿಸಿದ ಸೈಕಲ್ಲು ಬೀಳುತ್ತದೆ. ಎತ್ತಿ ನಿಲ್ಲಿಸಿದರೆ ಮತ್ತೆ ಬೀಳುತ್ತದೆ. ಅವಳು ಅದನ್ನು ಹಾಗೆಯೇ ಬಿಟ್ಟು ಇಳಿಯುತ್ತಾಳೆ. ದೋಣಿಯಿಂದೆದ್ದು ತಂದೆಯತ್ತ ಓಡುವಾಗ ಅವಳ ವಯಸ್ಸು ಕರಗುತ್ತಾ ಹೋಗುತ್ತದೆ. ಆದರೆ ಅದು ಬಾಲ್ಯದವರೆಗೆ ಹೋಗದೆ ಯೌವನದಲ್ಲೇ ನಿಂತುಬಿಡುತ್ತದೆ. ಮೊದಲ ದೃಶ್ಯದಲ್ಲಿ ತಂದೆ ಎತ್ತಿಕೊಂಡಿದ್ದ ಮಗು ಅವನಿಗೆ ಮರಳಿ ಸಿಗುವುದಿಲ್ಲ. ಅವನನ್ನು ಅಪ್ಪುವವಳು ಅವನಿಲ್ಲದೆಯೇ ಬೆಳೆದುನಿಂತ ಹೆಣ್ಣು.