25 ಟನ್ 5 ಟನ್ ಆಗೋದು ಹೇಗೆ?

ಸೇಡಂನ ನಮ್ಮ ಮನೆ ಮೇಲೆ ಎರಡು ಕೋಣೆ ಕಟ್ಟಿಸೋ ಮಾತು ಬಂದಾಗ ಅಪ್ಪ ಕೇಳಿದ್ರು: "ನಮ್ ಕಡೆ ಭೂಕಂಪ ಎಲ್ಲಿ ಆಗ್ತದ?" 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿಯ ಗಡಿಕೇಶ್ವರದ ಜನ ಮನೆಯೊಳಗೆ ಮಲಗೋಕೆ ಹೆದರಿದ್ದನ್ನು ನೆನಪಿಸಿದೆ. "ಅದು ಸಣ್ಣದು ಬಿಡು" ಅಂದ್ರು.

ವಾದ ಗೆಲ್ಲೋಣ ಅಂತ ಐಎಸ್ 1893ರ 2016ರ ಆವೃತ್ತಿ ತೆರೆದೆ. ಅದು ಅಪ್ಪನ ಪರವಾಗಿಯೇ ಇದ್ದಂತಿತ್ತು: ನಮ್ಮದು ವಲಯ 2, ಅತಿ ಕಡಿಮೆ ಅಪಾಯ.

ಲೆಕ್ಕ ನೋಡಿ. 100 ಟನ್ ತೂಕದ ಕಲ್ಲಿನ ಮನೆ ಅಂದ್ಕೊಳ್ಳಿ. ವಲಯ 2ರ ಅಂಕ 0.10, ಗಿಡ್ಡ ಕಟ್ಟಡಕ್ಕೆ ಅದರ ಎರಡೂವರೆ ಪಟ್ಟು. ಅಂದರೆ ಮನೆಯನ್ನು ಅಡ್ಡಕ್ಕೆ ತಳ್ಳೋ ಬಲ 25 ಟನ್. ಸಂಹಿತೆ ಅದನ್ನು ಅರ್ಧ ಮಾಡಿ, ಆಮೇಲೆ 'ಆರ್' ಅನ್ನೋ ಅಂಕದಿಂದ ಭಾಗಿಸುತ್ತದೆ. ಬರೀ ಗೋಡೆಗೆ ಆರ್ 1.5, ಬಲ 8.3 ಟನ್. ಕಾಂಕ್ರೀಟ್ ಬ್ಯಾಂಡ್ ಹಾಕಿ, ಮೂಲೆಗಳಲ್ಲೂ ಬಾಗಿಲು-ಕಿಟಕಿ ಪಕ್ಕದಲ್ಲೂ ರಾಡ್ ನಿಲ್ಲಿಸಿದರೆ ಆರ್ 2.5, ಬಲ 5 ಟನ್.

ನನ್ನ ತಕರಾರು ಇಲ್ಲಿದೆ. ನೆಲ ಅಲುಗೋದು ಕಡಿಮೆ ಆಗಿಲ್ಲ. ಗೋಡೆ ಬಿರುಕು ಬಿಟ್ಟರೂ ಕುಸಿಯಲ್ಲ ಅನ್ನೋ ಭರವಸೆ ಮೇಲೆ ಅಂಕಿ ಇಳಿದಿದೆ. ಆ ಭರವಸೆ ಉಳಿಸೋದು ಗೌಂಡಿಯ ಕೈ. ಕೋಷ್ಟಕದಲ್ಲಿ ಮಾತ್ರ ಆರ್ ಕಟ್ಟಡದ ಹುಟ್ಟುಗುಣ ಇದ್ದ ಹಾಗೆ ಕೂತಿದೆ. ನಾವು ಎಂಜಿನಿಯರುಗಳು ಸಾಫ್ಟ್‌ವೇರ್‌ನಲ್ಲಿ 2.5 ಅಂತ ಒತ್ತಿ ಮುಂದೆ ಹೋಗ್ತೀವಿ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದಾಗ, ಅದೂ ನಕ್ಷೆಯಲ್ಲಿ ಕನಿಷ್ಠ ಅಪಾಯದ ಜಾಗವೇ. ಸತ್ತವರು 10 ಸಾವಿರದ ಹತ್ತಿರ. ಮಣ್ಣಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆಗಳ ಒಳಪದರ, ಹೊರಪದರ ಬೇರೆಬೇರೆಯಾಗಿ ಬಿದ್ದವು. ಮೇಲಿದ್ದ ಭಾರದ ಛಾವಣಿ ಜನರ ಮೇಲೆ ಬಂತು. ಎರಡೂ ಪದರ ಹಿಡಿಯೋ ಉದ್ದ ಕಲ್ಲು ಇರಬೇಕು ಅನ್ನೋದು ಇನ್ನೊಂದು ಸಂಹಿತೆಯಲ್ಲಿದೆ, ಐಎಸ್ 13828ರಲ್ಲಿ. ಲೆಕ್ಕ ಒಂದು ಪುಸ್ತಕದಲ್ಲಿ, ಜೀವ ಇನ್ನೊಂದರಲ್ಲಿ.

ಚಿತ್ತಾಪುರದಲ್ಲಾಗಲಿ ಸೇಡಂನಲ್ಲಾಗಲಿ ಹಳೇ ಮನೆಗಳು ಇಂಥವೇ: ದಪ್ಪ ಗೋಡೆ, ಶಹಾಬಾದ್ ಪರಸಿ, ಮೇಲೆ ಮಣ್ಣು. ತೂಕ ಹೆಚ್ಚಿದಷ್ಟೂ ತಳ್ಳೋ ಬಲವೂ ಹೆಚ್ಚು. ವಾಡಿಯ ಸಿಮೆಂಟ್ ಪಕ್ಕದಲ್ಲೇ ಇದ್ರೂ ಬ್ಯಾಂಡ್ ಹಾಕಿಸಿದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ: ಮೇಲೆ ಕೋಣೆ ಬೇಡ. ಮೊದಲು ಮಾಳಿಗೆ ಮಣ್ಣು ಇಳಿಸಿ, ಮೂಲೆಗಳನ್ನ ಕಟ್ಟಿಸೋಣ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಗೌಂಡಿಗೆ ಇದೆಲ್ಲ ಯಾರ್ ಹೇಳ್ತಾರ?"

ಸಂಹಿತೆ ಉತ್ತರ ಕೊಡದ ಪ್ರಶ್ನೆ ಇದೊಂದೇ. ಮುಂದಿನ ವಾರ ರಜೆ ಹಾಕಿ ಊರಿಗೆ ಹೋಗ್ತಿದ್ದೀನಿ.